ಮಳೆ ನೆಂಟರ ತೊಟ್ಟಿಲು

ಆ ಊರಿನಲ್ಲಿ ಕೋಳಿಗಳು ಕಾಲಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದವು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮರಿಯಾಗಿರುವಾಗಲೇ ಒಂದೊಂದು ಕಾಲಿಗೂ ಹಳೆ ಸೀರೆಯ ಚೂರು ಸುತ್ತಿ, ಮೇಲೆ ದಾರ ಬಿಗಿದು ಬಿಡುತ್ತಿದ್ದರು. ಯಾಕೆಂದರೆ ಕೋಳಿಗೆ ನೆಲ ಕಂಡರೆ ಕೆದರುವ ಚಾಳಿ. ಆ ಊರಿಗೆ ಇದ್ದದ್ದು ಒಂದೇ ಒಂದು ಕಟ್ಟಳೆ, ಅದು ನೆಲ ಕೆದರಬಾರದು ಎಂಬುದು.

ಮಣ್ಣು ಹಾಕಬಹುದು, ಮಣ್ಣು ತೆಗೆಯಬಾರದು. ಕಂಬ ನಿಲ್ಲಿಸಬೇಕೆಂದರೆ ಗುಂಡಿ ತೋಡುವಂತಿಲ್ಲ. ಇಬ್ಬರು ಕಂಬ ಹಿಡಿದು ನಿಲ್ಲಬೇಕು, ಉಳಿದವರು ಸುತ್ತ ಕಲ್ಲು ಮಣ್ಣು ಒಟ್ಟಬೇಕು. ಬೀಜ ಬಿತ್ತಬೇಕೆಂದರೆ ನೆಲದ ಮೇಲಿಟ್ಟು ಮಣ್ಣು ಹೊದಿಸಬೇಕು, ಮಗುವಿಗೆ ಕೌದಿ ಹೊದಿಸಿದ ಹಾಗೆ. ಹಾಕುವುದಕ್ಕೆ ಮಣ್ಣು ಎಲ್ಲಿಂದ ಬರುತ್ತಿತ್ತು ಅಂತೀರೋ? ಹೊಳೆ ಪ್ರತಿ ವರ್ಷ ದಡಕ್ಕೆ ತಂದು ಹಾಕುತ್ತಿತ್ತು. ಹೊಳೆ ತಾನಾಗಿ ಕೊಟ್ಟದ್ದನ್ನು ಎತ್ತಿಕೊಂಡರೆ ಅದು ತೆಗೆದಂತೆ ಆಗುವುದಿಲ್ಲ ಎಂದು ಊರವರು ಹಿಂದೆಯೇ ತೀರ್ಮಾನ ಮಾಡಿಕೊಂಡಿದ್ದರು. ಹೀಗೆ ಹಾಕಿ ಹಾಕಿ ಆ ಊರು ವರ್ಷಕ್ಕೆ ಒಂದು ಬೆರಳಿನಷ್ಟು ಮೇಲೆ ಏರುತ್ತಿತ್ತು.

ಊರ ನಡುವೆ ಒಂದೇ ಒಂದು ದ್ರಾಕ್ಷಿ ಬಳ್ಳಿ. ಅದರ ಚಪ್ಪರ ಊರಿಗೆಲ್ಲ ಹಬ್ಬಿತ್ತು. ಬೀದಿಯ ಮೇಲೆ, ಊರಕಟ್ಟೆಯ ಮೇಲೆ, ಮನೆಗಳ ಮೇಲೆ, ದನದ ಕೊಟ್ಟಿಗೆಯ ಮೇಲೆ ಅದೇ ಬಳ್ಳಿ, ಅದೇ ಎಲೆ. ಬಿಸಿಲು ಆ ಊರಿಗೆ ಹಸಿರಾಗಿಯೇ ಬಂದು ತಲುಪುತ್ತಿತ್ತು. ಆ ಚಪ್ಪರವನ್ನು ನೋಡಿಕೊಳ್ಳುವ ಹಿರಿಯನನ್ನು ಎಲ್ಲರೂ ಚಪ್ಪರದ ಮುತ್ಯಾ ಎನ್ನುತ್ತಿದ್ದರು. ಹುಟ್ಟಿದಂದಿನಿಂದ ಮೇಲೆಯೇ ನೋಡಿ ನೋಡಿ ಆತನ ಕತ್ತು ಹಿಂದಕ್ಕೆ ಬಾಗಿಬಿಟ್ಟಿತ್ತು. ದಿನಕ್ಕೆ ನಾಲ್ಕು ಸಲ ಏನನ್ನಾದರೂ ಎಡವುತ್ತಿದ್ದ, ಆದರೆ ಒಂದು ಸಲವೂ ಕೆಳಗೆ ನೋಡುತ್ತಿರಲಿಲ್ಲ. ಬಳ್ಳಿಯ ಬುಡ ನೋಡಿಕೊಳ್ಳುವ ಮುದುಕಿಯನ್ನು ಮಣ್ಣಾಯಿ ಎನ್ನುತ್ತಿದ್ದರು. ಬೆಳಿಗ್ಗೆ ಎದ್ದು ಹೊಳೆಗೆ ಹೋಗುವುದು, ಬುಟ್ಟಿ ತುಂಬ ಮಣ್ಣು ತರುವುದು, ಬುಡಕ್ಕೆ ಹಾಕುವುದು, ಕೈಯಿಂದ ತಟ್ಟುವುದು. ಇಷ್ಟೇ ಆಕೆಯ ಕೆಲಸ. ಅದನ್ನು ಆಕೆ ಎಷ್ಟು ಅಕ್ಕರೆಯಿಂದ ಮಾಡುತ್ತಿದ್ದಳೆಂದರೆ, ತಟ್ಟುವಾಗ ಬಾಯಲ್ಲಿ ಜೋಗುಳ ತಾನಾಗಿಯೇ ಬರುತ್ತಿತ್ತು.

ಈಗ ಆ ಊರಿನ ಹೆಸರಿಡುವ ಪದ್ಧತಿಯನ್ನು ಹೇಳಿಬಿಡಬೇಕು. ಮಗು ಹುಟ್ಟಿದ ಮೇಲೆ ಬರುವ ಮೊದಲ ಸುಗ್ಗಿಯಲ್ಲಿ, ಬಳ್ಳಿಯ ಒಂದು ಹಣ್ಣನ್ನು ಹಿಂಡಿ ಮಗುವಿನ ನಾಲಿಗೆಗೆ ಮುಟ್ಟಿಸಬೇಕು, ಆಮೇಲೆ ಕಿವಿಯಲ್ಲಿ ಹೆಸರು ಹೇಳಬೇಕು. ಹಣ್ಣಿಲ್ಲದೆ ಹೆಸರಿಲ್ಲ. ಹುಟ್ಟಿದ ಮೇಲಿನ ಐದನೆಯ ಮಳೆಗಾಲ ಬರುವುದರೊಳಗೆ ಹೆಸರು ಬೀಳದಿದ್ದರೆ ಆ ಮಗುವಿಗೆ ಆಮೇಲೆ ಯಾವ ಹೆಸರೂ ನಿಲ್ಲುವುದಿಲ್ಲ, ಇಟ್ಟರೂ ಜಾರಿಹೋಗುತ್ತದೆ ಎನ್ನುತ್ತಿದ್ದರು.

ಮೂರು ವರ್ಷದಿಂದ ಬಳ್ಳಿ ಹಣ್ಣು ಬಿಟ್ಟಿರಲಿಲ್ಲ. ಮೊದಲ ವರ್ಷ ಹೂ ಉದುರಿದವು. ಎರಡನೆಯ ವರ್ಷ ಹೂವೇ ಬರಲಿಲ್ಲ. ಮೂರನೆಯ ವರ್ಷ ಎಲೆ ಹಳದಿಯಾಗಿ ಬಿಸಿಲು ಅಲ್ಲಲ್ಲಿ ಬಿಳಿಯಾಗಿ ಬಿತ್ತು. ಊರಿನಲ್ಲಿ ಹೆಸರಿಲ್ಲದ ಮಕ್ಕಳು ಹೆಚ್ಚಾದವು. ಅವುಗಳನ್ನು ಕರೆಯುವುದು ಹೇಗೆ? "ಏಯ್" ಎಂದರೆ ಇಡೀ ಹಿಂಡೇ ಓಡಿ ಬರುತ್ತಿತ್ತು. ತಾಯಂದಿರು ತಮ್ಮದನ್ನು ಮೂಗು ನೋಡಿ ಆರಿಸಿಕೊಂಡು ಉಳಿದವನ್ನು ವಾಪಸ್ಸು ಕಳಿಸುತ್ತಿದ್ದರು.

ಆ ಹಿಂಡಿನಲ್ಲಿ ಎಲ್ಲರಿಗಿಂತ ದೊಡ್ಡದು ಮಣ್ಣಾಯಿಯ ಮೊಮ್ಮಗಳು. ಬಳ್ಳಿ ಮುನಿದ ಮೊದಲ ವರ್ಷವೇ ಹುಟ್ಟಿದವಳು. ಮೂರು ಮಳೆ ಕಂಡಿದ್ದಳು, ನಾಲ್ಕನೆಯದು ಹತ್ತಿರ ಬರುತ್ತಿತ್ತು. ಮಾತು ಅರಳು ಹುರಿದ ಹಾಗೆ. ಎಲ್ಲದಕ್ಕೂ ಹೆಸರು ಕೇಳುವಳು. ಇದೇನು? ಬುಟ್ಟಿ. ಇದೇನು? ಹಗ್ಗ. ನಾನೇನು? ಆಗ ಮಣ್ಣಾಯಿ ಅವಳ ಗಲ್ಲ ಹಿಡಿದು, "ನೀನು ನನ್ನ ಬಂಗಾರ" ಎನ್ನುವಳು. "ಬಂಗಾರ ಅಂತ ಎಲ್ಲಾರಿಗೂ ಅಂತಾರ. ನನಗಷ್ಟ ಇರೂದು ಹೇಳು" ಎಂದು ಮಗು ಪಟ್ಟು ಹಿಡಿಯುವುದು. ಆಕೆ ಬುಟ್ಟಿ ಎತ್ತಿಕೊಂಡು ಹೊಳೆಗೆ ಹೊರಟುಬಿಡುವಳು.

ಬಳ್ಳಿಗೆ ಏನಾಗಿದೆಯೆಂದು ಊರು ತಲೆ ಕೆಡಿಸಿಕೊಂಡಿತು. ಚಪ್ಪರದ ಮುತ್ಯಾ ಎಲೆಗಳನ್ನು ಒಂದೊಂದಾಗಿ ಹಾಲಿನಲ್ಲಿ ಒರೆಸಿದ. ಹೆಂಗಸರು ಕುಡಿಗಳಿಗೆ ಅರಿಶಿನದ ದಾರ ಕಟ್ಟಿದರು. ಮಣ್ಣಾಯಿಗೆ ತಿಳಿದಿದ್ದ ಮದ್ದು ಒಂದೇ: ಮಣ್ಣು ಹಾಕುವುದು. ಒಂದು ಬುಟ್ಟಿ ಹಾಕುವಲ್ಲಿ ಮೂರು ಬುಟ್ಟಿ ಹಾಕಿದಳು. ಮಣ್ಣಿನ ಜೊತೆ ಹಸಿ ಸಗಣಿ ಹಾಕಿದಳು, ಬೆಚ್ಚಗಿರಲಿ ಎಂದು ಹುಲ್ಲು ಹೊದಿಸಿದಳು. ಬುಡದ ದಿಬ್ಬ ಆಳೆತ್ತರವಾಯಿತು. ಬಳ್ಳಿ ಇನ್ನಷ್ಟು ಬಾಡಿತು. ಆಕೆ ಇನ್ನಷ್ಟು ಹಾಕಿದಳು.

"ಆಯಿ, ಇನ್ನೊಂದೀಟು ಹಾಕಿದ್ರ ಬಳ್ಳಿ ಒಳಗ ಹೋಗಿ ದಿಬ್ಬಾ ಅಷ್ಟ ಉಳೀತೈತಿ ನೋಡು" ಎಂದು ಬುಟ್ಟಿ ಹೆಣೆಯುವವನು ಕಿಚಾಯಿಸಿದ. ಮಣ್ಣಾಯಿಗೆ ಬುಟ್ಟಿ ಪೂರೈಸಿ ಪೂರೈಸಿ ಅವನ ಬೆರಳು ಸವೆದಿದ್ದವು.

"ನಿನ್ನ ಬಾಯಾಗ ಒಂದು ಬುಟ್ಟಿ ಹಾಕ್ತೀನಿ, ಸುಮ್ಮ ಹೆಣಿ" ಎಂದಳು ಮಣ್ಣಾಯಿ.

ಚಳಿ ಮುಗಿದು ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ, ಮೊಮ್ಮಗಳು ಕೋಳಿಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕಾಲಿನ ಬಟ್ಟೆ ಬಿಚ್ಚಿದಳು. ಕೆಟ್ಟ ಬುದ್ಧಿಯಿಂದಲ್ಲ. ಒದ್ದೆ ಬಟ್ಟೆಯಲ್ಲಿ ಅದರ ಕಾಲು ಬಿಳುಚಿಕೊಂಡಿತ್ತು, ಒಣಗಿಸೋಣ ಎಂದು. ಕೋಳಿ ಒಂದು ಗಳಿಗೆ ತನ್ನ ಬೆರಳುಗಳನ್ನೇ ನೋಡಿಕೊಂಡು ನಿಂತಿತು. ಆಮೇಲೆ ಹಾರಿ ದಿಬ್ಬವೇರಿ, ಹುಟ್ಟಿದಾರಭ್ಯ ಕಾದಿದ್ದ ಕೆಲಸಕ್ಕೆ ಕೈ ಹಾಕಿತು. ಚರ್ ಚರ್ ಎಂದು ಹುಲ್ಲು ಹಾರಿತು, ಸಗಣಿ ಹಾರಿತು, ಮಣ್ಣು ಹಾರಿತು.

ಮಣ್ಣಾಯಿ "ಅಯ್ಯಯ್ಯ" ಎನ್ನುತ್ತ ಓಡಿ ಬಂದಳು. ಅಷ್ಟರಲ್ಲಿ ಕೋಳಿ ಮಣ್ಣಿನಿಂದ ಏನನ್ನೋ ಎಳೆದಿತ್ತು. ಬೆಣ್ಣೆಯ ಹಾಗೆ ಬಿಳಿ, ಕಿರುಬೆರಳಿನಷ್ಟು ದಪ್ಪ, ಬಾಗಿ ಸುರುಳಿ ಸುತ್ತಿಕೊಂಡ ಮೈ, ಕಂದು ತಲೆ. ಕೋಳಿ ಅದನ್ನು ಗುಳುಕ್ಕನೆ ನುಂಗಿ ಕಣ್ಣು ಮುಚ್ಚಿತು. ಇನ್ನೊಮ್ಮೆ ಕೆದರಿತು. ಇನ್ನೂ ಮೂರು.

ನಿಮ್ಮೂರಲ್ಲಿ ಅದಕ್ಕೆ ಗೊಣ್ಣೆಹುಳು ಎನ್ನುತ್ತೀರಿ. ಆ ಊರಿನಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ನೆಲ ತೆರೆದು ನೋಡಿದವರು ಯಾರಿದ್ದರು?

"ಇದಕ್ಕೂ ಹೆಸರಿಲ್ಲೇನಾಯಿ, ನನ್ನಂಗ?" ಎಂದು ಮಗು ಒಂದು ಹುಳುವನ್ನು ಅಂಗೈಗೆ ಎತ್ತಿಕೊಂಡಿತು.

ಮಣ್ಣಾಯಿ ಮೊಣಕಾಲೂರಿ ಬಗ್ಗಿದಳು. ಕೋಳಿ ಕೆದರಿದ ಗುಂಡಿಯಲ್ಲಿ ಬಳ್ಳಿಯ ಒಂದು ಬೇರು ಕಾಣುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಆಕೆ ಬೇರು ನೋಡಿದಳು. ಅದರ ತೊಗಟೆ ಇರಲಿಲ್ಲ. ಎಳೆ ಬೇರುಗಳು ಇರಬೇಕಾದ ಕಡೆ ಕಚ್ಚಿ ತಿಂದ ಮೊಂಡು ಗುರುತುಗಳಿದ್ದವು. ಆಕೆ ಪಕ್ಕದಲ್ಲಿ ಬೇರು ಬಿಟ್ಟಿದ್ದ ಒಂದು ಕವಲನ್ನು ಹಿಡಿದು ಮೆಲ್ಲಗೆ ಎಳೆದಳು. ಮೊಸರಿನಲ್ಲಿ ನೆಟ್ಟ ಕಡ್ಡಿಯ ಹಾಗೆ ಅದು ಕೈಗೆ ಬಂದುಬಿಟ್ಟಿತು.

ಊರು ಸೇರಿತು. ಚಪ್ಪರದ ಮುತ್ಯಾ ಎಡವುತ್ತ ಬಂದ, ಮೇಲೆ ನೋಡುತ್ತಲೇ ಕೇಳಿದ. "ಏನಾಗೇತಿ?"

"ಮುತ್ಯಾ, ಬುಡದಾಗ ಯಾರೋ ಅದಾರ. ಬಳ್ಳೀನ ಕೆಳಗಿಂದ ತಿನ್ನಾಕತ್ತಾರ" ಎಂದಳು ಮಣ್ಣಾಯಿ.

"ಯಾರು ಬಂದು ಹೊಕ್ಕಾರು? ನಾವು ನೆಲಾ ತೆಗದಿಲ್ಲ, ಬಾಗಿಲಾ ಇಲ್ಲದ ಮನಿಗೆ ಕಳ್ಳ ಹೆಂಗ ಬಂದಾನು? ಮುಚ್ಚು ಅದನ್ನ. ಮಣ್ಣು ಹಾಕೂದು ನಿನ್ನ ಕೆಲಸ, ತೆಗಿಯೂದಲ್ಲ."

ಆಕೆ ಮುಚ್ಚಿದಳು. ಆರು ದಶಕದ ಅಭ್ಯಾಸ ಒಂದು ಬೆಳಿಗ್ಗೆಯಲ್ಲಿ ಬಿಟ್ಟುಹೋಗುತ್ತದೆಯೇ? ಆದರೆ ಮೊಮ್ಮಗಳು ಅಂಗೈಯ ಹುಳುವನ್ನು ಕೊಡಲೊಪ್ಪಲಿಲ್ಲ. ಅದನ್ನು ಒಂದು ಮಡಕೆಯಲ್ಲಿ ಮಣ್ಣು ತುಂಬಿ ಇಟ್ಟರು. ಗರಿಕೆಯ ಬೇರು ಹಾಕಿದರೆ ತಿನ್ನುತ್ತಿತ್ತು. ಕೆಲವು ದಿನವಾದ ಮೇಲೆ ತಿನ್ನುವುದು ಬಿಟ್ಟು, ಮಣ್ಣಿನಲ್ಲೇ ಒಂದು ಗೂಡು ಮಾಡಿಕೊಂಡು ಮಲಗಿಬಿಟ್ಟಿತು. ಮಗು ದಿನಾ ಮಡಕೆಗೆ ಕಿವಿ ಇಟ್ಟು "ಎದ್ದಿಯೇನು?" ಎಂದು ಕೇಳುವುದು. ಮಣ್ಣಾಯಿಯೂ, ಯಾರೂ ಇಲ್ಲದಾಗ, ಕಿವಿ ಇಟ್ಟು ಕೇಳುತ್ತಿದ್ದಳು.

ನಾಲ್ಕನೆಯ ಮಳೆ ಬಂತು.

ಪ್ರತಿ ಮಳೆಗಾಲದ ಮೊದಲ ಮಳೆಯ ಸಂಜೆ ಆ ಊರಿಗೆ ದೊಡ್ಡ ಹಬ್ಬ. ದೀಪ ಹಚ್ಚುವ ಹೊತ್ತಿಗೆ ಮಳೆ ನೆಂಟರು ಬರುತ್ತಿದ್ದರು. ಹುಣಸೆಬೀಜದ ಬಣ್ಣದ, ಹುಣಸೆಬೀಜದಷ್ಟೇ ದಪ್ಪದ, ಮಿರುಗುವ ಬೆನ್ನಿನ ದುಂಬಿಗಳು, ಗುಂಯ್ಯೆನ್ನುತ್ತ, ಸಾವಿರ ಸಾವಿರ. ಅವು ಮೋಡದಿಂದ ಮಳೆಯ ಜೊತೆ ಇಳಿಯುತ್ತವೆ, ಉಂಡು ಮೋಡಕ್ಕೇ ಮರಳುತ್ತವೆ ಎಂದು ಊರು ನಂಬಿತ್ತು. ಅವಕ್ಕಾಗಿ ಬಳ್ಳಿಯ ಪಕ್ಕದ ಬೇವಿನ ಮರಕ್ಕೆ ತೋರಣ ಕಟ್ಟುತ್ತಿದ್ದರು. ದುಂಬಿಗಳು ಬೇವಿನ ಎಲೆಗೆ ಮುತ್ತಿಕೊಂಡು ಉಣ್ಣುವಾಗ ಊರವರೆಲ್ಲ ಸ್ವಾಗತದ ಹಾಡು ಹಾಡಿ, ಆಮೇಲೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಉಣ್ಣುವ ನೆಂಟರ ಬಾಯಿ ನೋಡುವುದು ಮರ್ಯಾದೆಯೇ? ಹಾಗೆ ಬೆನ್ನು ತಿರುಗಿಸಿಯೇ ಮನೆಗೆ ಹೋಗುತ್ತಿದ್ದರು. ಬೆಳಿಗ್ಗೆ ನೋಡಿದರೆ ನೆಂಟರಿಲ್ಲ. ಮೋಡಕ್ಕೆ ಹೋದರು ಎನ್ನುತ್ತಿದ್ದರು.

ಆ ಸಂಜೆಯೂ ಹಾಡಿದರು. ಬಾಡಿದ ಚಪ್ಪರದ ಕೆಳಗೆ, ಹೆಸರಿಲ್ಲದ ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು, ದನಿ ಎತ್ತಿ ಹಾಡಿದರು. ಎಲ್ಲರೂ ಬೆನ್ನು ತಿರುಗಿಸುವ ಹೊತ್ತಿಗೆ ಮೊಮ್ಮಗಳು ಮಡಕೆ ಹೊತ್ತು ಓಡಿ ಬಂದಳು.

"ಆಯಿ! ಎದ್ದೈತಿ!"

ಮಡಕೆಯ ಮಣ್ಣು ಅಲುಗಿತು, ಸೀಳಿತು. ಒಳಗಿನಿಂದ ಒಂದು ತಲೆ ಬಂತು, ಆಮೇಲೆ ಮಿರುಗುವ ಬೆನ್ನು ಬಂತು. ಹುಣಸೆಬೀಜದ ಬಣ್ಣ. ಅದು ಮಗುವಿನ ಬೆರಳೇರಿ, ರೆಕ್ಕೆ ಬಿಚ್ಚಿ, ಗುಂಯ್ಯೆಂದು ಹಾರಿ ಬೇವಿನ ಮರದಲ್ಲಿದ್ದ ತನ್ನವರನ್ನು ಕೂಡಿಕೊಂಡಿತು.

"ನೆಂಟ!" ಎಂದು ಮಗು ಕೇಕೆ ಹಾಕಿತು.

ಮಣ್ಣಾಯಿ ಮೆಲ್ಲಗೆ ತಿರುಗಿ ಬೇವಿನ ಮರದ ಕಡೆ ನೋಡಿದಳು. ಮರ್ಯಾದೆ ಬಿಟ್ಟು ನೋಡಿದಳು. ಉಂಡ ನೆಂಟರು ಎರಡೆರಡಾಗಿ ಕೂಡಿ, ಆಮೇಲೆ ಒಂದೊಂದಾಗಿ ಮರದಿಂದ ಇಳಿದರು. ಒಂದೂ ಮೋಡದ ಕಡೆ ಹೋಗಲಿಲ್ಲ. ಎಲ್ಲ ಅವಳ ದಿಬ್ಬಕ್ಕೆ ಬಂದವು. ಅವಳು ಬೆಚ್ಚಗೆ ಹುಲ್ಲು ಹೊದಿಸಿದ, ಹಸಿ ಸಗಣಿ ಹಾಕಿದ, ಜೋಗುಳ ಹಾಡಿ ತಟ್ಟಿದ ದಿಬ್ಬಕ್ಕೆ. ಮೆತ್ತನೆಯ ಮಣ್ಣಿನಲ್ಲಿ ತಲೆ ಹುದುಗಿಸಿ, ಮೊಟ್ಟೆ ಇಡುವುದಕ್ಕೆ ಒಳಗೆ ಇಳಿದವು.

ಮಣ್ಣಾಯಿಗೆ ಮೊದಲು ನಾಚಿಕೆಯಾಯಿತು. ಕಾಲ ಕೆಳಗಿನ ಮಣ್ಣು ಬಾಯಿ ತೆರೆಯಬಾರದೇ ಎನ್ನುವಷ್ಟು ನಾಚಿಕೆ. ಮೊಮ್ಮಗಳ ಹೆಸರನ್ನು ತಿಂದವರಿಗೆ ತಾನೇ ತೊಟ್ಟಿಲು ಕಟ್ಟಿ ತೂಗಿದ್ದೆನಲ್ಲ ಎಂದು ಕಣ್ಣು ತುಂಬಿ ಬಂತು. ಆಮೇಲೆ ಏನಾಯಿತೋ, ಹೊಟ್ಟೆಯ ಆಳದಿಂದ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡರೂ ನಿಲ್ಲಲಿಲ್ಲ.

"ಯಾಕಬೇ, ತಲಿ ಕೆಟ್ಟೈತೇನು?" ಎಂದು ಪಕ್ಕದಲ್ಲಿದ್ದ ಮಗಳು, ಆ ಕೂಸಿನ ತಾಯಿ, ಗಾಬರಿಯಾದಳು.

"ಬಾಣಂತನಾ ಮಾಡೇನಿ ನೋಡು! ಇಡೀ ಮಳಿ ನೆಂಟರ ವಂಶಕ್ಕ ನಾನ ಬಾಣಂತನಾ ಮಾಡೇನಿ! ಹಾಸಿಗಿ ಹಾಸೇನಿ, ಹೊಚ್ಚೇನಿ, ಹಾಡೇನಿ!" ಎಂದು ಮಣ್ಣಾಯಿ ನಕ್ಕಳು. ಬುಟ್ಟಿ ಹೆಣೆಯುವವನು ಮೊದಲು ನಕ್ಕ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು.

ಚಪ್ಪರದ ಮುತ್ಯಾ ಮಾತ್ರ ನಗಲಿಲ್ಲ. "ನೆಂಟರನ್ನ ಊಟಕ್ಕ ಕರದು ಹೊಡಿಯೂದೇನು? ಅಂಥಾ ಊರಲ್ಲ ಇದು."

"ಮುತ್ಯಾ, ಉಣ್ಣಾಕ ಬಂದವರಿಗೆ ಉಣಸೂದು ನಮ್ಮ ಕೆಲಸ. ಬೇವು ಐತಿ, ಉಣ್ಣಲಿ. ಉಂಡ ಮ್ಯಾಲೆ ಮಕ್ಕಳನ್ನ ನಮ್ಮ ಅಡಗಿಮನ್ಯಾಗ ಬಿಟ್ಟು ಹೋಗೂದು ಯಾವ ಊರಿನ ನೆಂಟಸ್ತನ? ಬರೂವಾಗ ಹಾಡಿ ಕರದೀವಿ. ಹೋಗೂವಾಗ ಊರ ಅಗಸಿ ಬಾಗಿಲ ತನಕಾ ಒಂದು ದಿನಾನಾದರೂ ಕಳಸಾಕ ಹೋಗೇವೇನು? ಬೆನ್ನು ಹೊಳ್ಳಿಸಿ ನಿಂತೀವಿ. ತಪ್ಪು ಅವರದಲ್ಲ, ನಮ್ಮದು."

"ಕಟ್ಟಳಿ ಐತಲ್ಲ."

ಮಣ್ಣಾಯಿ ಆತನ ಮುಂದೆ ಬಂದು ನಿಂತಳು. "ಮುತ್ಯಾ, ಇನ್ನೊಂದು ಮಳಿ ಬಿದ್ರ ಈ ಕೂಸಿಗೆ ಹೆಸರು ನಿಲ್ಲೂದಿಲ್ಲ. ನನಗ ಬ್ಯಾರೆ ಏನೂ ಬ್ಯಾಡ. ನೀ ಒಂದು ಸಲ, ಒಂದ ಸಲ, ಕೆಳಗ ನೋಡು."

ಆತನಿಗೆ ಕತ್ತು ಬಗ್ಗಿಸುವುದು ಸುಲಭವಾಗಲಿಲ್ಲ. ಹೆಗಲಿನ ಎಲುಬು ಲಟಕ್ ಎಂದಿತು. ಮೆಲ್ಲಗೆ, ಹಳೆಯ ಬಾಗಿಲು ತಿರುಗುವ ಹಾಗೆ, ಮುಖ ಕೆಳಗೆ ಬಂತು. ದಿಬ್ಬದಲ್ಲಿ ಇಳಿಯುತ್ತಿದ್ದ ನೆಂಟರನ್ನು ಆತ ನೋಡಿದ. ತುಂಬ ಹೊತ್ತು ನೋಡಿದ. ತನ್ನ ಕಾಲುಗಳನ್ನೂ ನೋಡಿಕೊಂಡ. ಅವು ಇಷ್ಟೊಂದು ಮುದಿಯಾಗಿದ್ದು ಆತನಿಗೆ ಗೊತ್ತಿರಲಿಲ್ಲ.

"ತೆಗೀರಿ" ಎಂದ.

ಮರುದಿನ ಬೆಳಕು ಹರಿಯುತ್ತಲೇ ತೆಗೆದರು. ಸಲಿಕೆ ಎಂಬ ವಸ್ತು ಊರಿನಲ್ಲಿರಲಿಲ್ಲ, ಕೈಯಿಂದಲೇ ತೆಗೆದರು. ಮೊದಲ ಹಿಡಿ ಮಣ್ಣು ತೆಗೆಯುವಾಗ ಎಲ್ಲರೂ ಉಸಿರು ಹಿಡಿದರು. ಆಕಾಶ ಬೀಳಲಿಲ್ಲ. ಎರಡನೆಯ ಹಿಡಿಗೂ ಬೀಳಲಿಲ್ಲ. ಆಮೇಲೆ ಯಾರೂ ಆಕಾಶದ ಕಡೆ ಗಮನ ಕೊಡಲಿಲ್ಲ. ಮಕ್ಕಳು ಕೋಳಿಗಳ ಕಾಲಿನ ಬಟ್ಟೆ ಬಿಚ್ಚಿದರು. ಏನು ಹೇಳಲಿ ಆ ಕೋಳಿಗಳ ಸಂಭ್ರಮ! ಹೆಜ್ಜೆ ಹೇಗಿಡಬೇಕೆಂದು ತಿಳಿಯದೆ ಮೊಣಕಾಲೆತ್ತಿ ಎತ್ತಿ ನಡೆದವು, ಬಿದ್ದವು, ಎದ್ದವು, ಆಮೇಲೆ ಕೆದರಿದವು ನೋಡಿ, ಊರಿಗೆ ಊರೇ ಧೂಳಾಯಿತು. ಗೊರವಂಕಗಳು ಬಂದವು, ಕಾಗೆಗಳು ಬಂದವು, ಹೊಳೆಯ ದಡದ ಬೆಳ್ಳಕ್ಕಿಗಳು ಸಾಲುಗಟ್ಟಿ ಬಂದವು. ಮಣ್ಣು ತೆಗೆಯುವುದಕ್ಕೆ ಹಾಡು ಇರಲಿಲ್ಲವಾದ್ದರಿಂದ ಹಾಕುವ ಹಾಡನ್ನೇ ಹಾಡಿದರು.

ಮೂರನೆಯ ದಿನ ದಿಬ್ಬದ ತಳದಲ್ಲಿ ಬುಟ್ಟಿ ಹೆಣೆಯುವವನ ಬೆರಳಿಗೆ ಏನೋ ತಣ್ಣಗೆ ತಾಗಿತು. ಎಳೆದು ತೆಗೆದ. ಕಬ್ಬಿಣದ್ದು, ಅಗಲವಾದದ್ದು, ಹಿಡಿಯಿದ್ದ ಕಡೆ ತೂತು. ಯಾರಿಗೂ ಅದೇನೆಂದು ಗೊತ್ತಾಗಲಿಲ್ಲ. ಚಪ್ಪರದ ಮುತ್ಯಾ ಅದನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಸುಮ್ಮನೆ ನೆಲಕ್ಕೆ ಒತ್ತಿದ. ಅದು ಸರಾಗವಾಗಿ ಇಳಿದು ಒಂದು ಹೆಂಟೆ ಮಣ್ಣನ್ನು ಎತ್ತಿ ಕೊಟ್ಟಿತು.

"ನಮ್ಮ ಹಿರ್‍ಯಾರು ತೆಗೀತಿದ್ರು" ಎಂದ ಮುತ್ಯಾ, ನಂಬಲಾರದೆ. "ತೆಗದು, ಇದನ್ನ ಇಲ್ಲೇ ಮರತು ಹೋಗ್ಯಾರ." ಆಗ ಆತನೂ ನಕ್ಕ. ಬಹಳ ವರ್ಷಗಳ ನಗು ಒಟ್ಟಿಗೆ ಬಂದಂತಿತ್ತು, ಕೆಮ್ಮು ಹತ್ತಿತು, ನೀರು ಕುಡಿಸಬೇಕಾಯಿತು.

ಬಳ್ಳಿಯ ಬೇರುಗಳನ್ನು ಮಣ್ಣಾಯಿ ತಾನೇ ಬಿಡಿಸಿ ಬಿಡಿಸಿ ನೋಡಿದಳು. ಹೆಚ್ಚಿನವು ಸತ್ತಿದ್ದವು. ಒಂದು ಮಾತ್ರ, ತೀರಾ ಕೆಳಗೆ ಇಳಿದದ್ದು, ಉಗುರಿನಿಂದ ಗೀರಿದರೆ ಹಸಿರು ತೋರಿಸಿತು. ಅದಕ್ಕೆ ಸುತ್ತ ತೆಳ್ಳಗೆ ಹೊಸ ಮಣ್ಣು ಹಾಕಿದಳು, ಪೂರ್ತಿ ಕಳಿತ ಹಳೇ ಗೊಬ್ಬರ ಹಾಕಿದಳು, ಹಸಿ ಸಗಣಿಯನ್ನು ದೂರ ಇಟ್ಟಳು. ಉಳಿದ ಮಳೆ ಸಂಜೆಗಳಲ್ಲಿ ನೆಂಟರು ಬಂದಾಗ ಊರು ಹಾಡಿ ಕರೆಯಿತು, ಬೇವು ಉಣಿಸಿತು; ಆಮೇಲೆ ಬೆನ್ನು ತಿರುಗಿಸದೆ ಮರದ ಕೆಳಗೆ ಕೌದಿ ಹಾಸಿ ಕೊಂಬೆ ಅಲ್ಲಾಡಿಸಿತು. ಬಿದ್ದವರನ್ನು ಬುಟ್ಟಿ ತುಂಬಿ, ಹಲಗೆ ಬಾರಿಸುತ್ತ, ಹೊಳೆ ದಾಟಿಸಿ ಜಾಲಿಕಾಡಿಗೆ ಕಳಿಸಿ ಬಂದರು. ದಾರಿಯಲ್ಲಿ ಬುಟ್ಟಿಯಿಂದ ಹೊರಗೆ ಬಿದ್ದವರು ಕೋಳಿಗಳ ಪಾಲು. ಅಷ್ಟೂ ಜನರನ್ನು ಜೋಪಾನವಾಗಿ ತಲುಪಿಸಲು ಆಗುತ್ತದೆಯೇ?

ಮಳೆ ಮುಗಿಯಿತು, ಚಳಿ ಬಂತು. ಮಣ್ಣಾಯಿ ದಿನಾ ಬೆಳಿಗ್ಗೆ ಬುಡದ ಹತ್ತಿರ ಕೂತು ಮಣ್ಣನ್ನು ಬೆರಳಿನಿಂದ ಸರಿಸಿ ನೋಡುವಳು. ಒಂದು ದಿನ ಬಿಳಿಯ ದಾರದಂಥ ಎಳೆ ಬೇರು ಕಂಡಿತು. ಆಕೆ ಯಾರಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು. ಎಲೆ ಹಸಿರಾಯಿತು. ಹೂ ಬಂತು. ಹೂ ನಿಂತಿತು. ಬಿಸಿಲು ಏರುವ ಹೊತ್ತಿಗೆ ಇಡೀ ಚಪ್ಪರದಲ್ಲಿ ಒಂದೇ ಒಂದು ಗೊನೆ, ಅದೂ ಸಣ್ಣದು, ಕಪ್ಪಾಗಿ ತೂಗಿತು. ಐದನೆಯ ಮಳೆಗೆ ಇನ್ನೂ ಎರಡು ತಿಂಗಳಿತ್ತು.

ಹೆಸರಿಡುವ ದಿನ ಊರೆಲ್ಲ ಬಳ್ಳಿಯ ಬುಡಕ್ಕೆ ಸೇರಿತು. ಒಂದೊಂದು ಹಣ್ಣಿನಲ್ಲಿ ಇಬ್ಬಿಬ್ಬರು ಮಕ್ಕಳ ನಾಲಿಗೆ ತೋಯಿಸಿದರು. ಮೊದಲನೆಯದು ಎಲ್ಲರಿಗಿಂತ ದೊಡ್ಡವಳಿಗೆ. ಸಾಮಾನ್ಯವಾಗಿ ಕೈಕೂಸಿಗೆ ಮಾಡುವ ಶಾಸ್ತ್ರ. ಈ ಕೂಸು ಎದ್ದು ನಿಂತು, ಬಾಯಿ ಚಪ್ಪರಿಸಿ, "ಇನ್ನೊಂದು" ಎಂದಿತು. ಎಲ್ಲರೂ ನಕ್ಕರು. ಮಣ್ಣಾಯಿ ಬಗ್ಗಿ, ತುಟಿಯನ್ನು ಅದರ ಕಿವಿಗಿಟ್ಟು ಹೆಸರು ಹೇಳಿದಳು.

"ಜೋರಾಗಿ ಹೇಳಾಯಿ. ಎಲ್ಲಾರಿಗೂ ಕೇಳಲಿ."

"ನೀಲವ್ವ" ಎಂದಳು ಮಣ್ಣಾಯಿ, ಅಳುತ್ತ ನಗುತ್ತ. "ನೀ ನೀಲವ್ವ. ನಿನಗಷ್ಟ ಇರೂದು."

ಮಗು ಅದನ್ನು ಬಾಯಲ್ಲಿ ಹೊರಳಿಸಿ ನೋಡಿತು. ನೀಲವ್ವ. ಎದೆಯ ಮೇಲೆ ಕೈ ಇಟ್ಟುಕೊಂಡು ಇನ್ನೊಮ್ಮೆ, ನೀಲವ್ವ. ಹಿಡಿಸಿತು. ಆಮೇಲೆ ಅಜ್ಜಿಯ ಮುಖ ನೋಡಿತು.

"ನಿಂದೇನಾಯಿ?"

"ನಂದಾ? ಮಣ್ಣಾಯಿ."

"ಅದು ಕೆಲಸಾ. ಹೆಸರು ಕೇಳಿದ್ನಿ."

ಮಣ್ಣಾಯಿ ಬಳ್ಳಿಯ ಕಡೆ ನೋಡಿದಳು. ತನಗೂ ಒಂದು ಕಾಲದಲ್ಲಿ ಇದೇ ಬಳ್ಳಿಯ ಹಣ್ಣು ಹಿಂಡಿದ್ದರು, ಯಾರೋ ಕಿವಿಯಲ್ಲಿ ಏನೋ ಹೇಳಿದ್ದರು. ಅದನ್ನು ಕೊನೆಗೆ ಕರೆದವಳು ಅವ್ವ. ಅವ್ವ ಹೋಗಿ ಎಷ್ಟು ಮಳೆಯಾಯಿತೋ. ಗಂಡ "ಕೇಳಿತೇನ" ಎನ್ನುತ್ತಿದ್ದ, ಮಗಳು "ಯವ್ವಾ" ಎನ್ನುತ್ತಿದ್ದಳು, ಊರು ಮಣ್ಣಾಯಿ ಎಂದಿತ್ತು. ಆಕೆ ಒಳಗೊಳಗೇ ಹುಡುಕಿದಳು, ಒಂದೊಂದು ಹಿಡಿಯಾಗಿ ಸರಿಸುತ್ತ ಹುಡುಕಿದಳು. ಸಿಕ್ಕಿತು. ಕೆಳಗೆ ಬಗ್ಗಿ, ಮಗುವಿನ ಕಿವಿಯಲ್ಲಿ ಮೆಲ್ಲಗೆ, ನಾಚಿಕೊಂಡು ಹೇಳಿದಳು.

ನೀಲವ್ವ ಗುಟ್ಟು ಇಟ್ಟುಕೊಳ್ಳುವ ಪೈಕಿಯಲ್ಲ. ಊರಕಟ್ಟೆಯ ಮೇಲೆ ಹತ್ತಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು, ಊರಿಗೆಲ್ಲ ಕೇಳುವಂತೆ ಕೂಗಿದಳು:

"ಚಂದವ್ವಾ!"

ಊರು ಅತ್ತ ಇತ್ತ ತಿರುಗಿ ಯಾರದು ಎಂದು ಹುಡುಕಿತು. ಬಳ್ಳಿಯ ಬುಡದಲ್ಲಿ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡಿದ್ದ ಮುದುಕಿ ಎದ್ದು ನಿಂತಳು.

"ಓ" ಎಂದಳು.